ತಮಟೆ ಬರುವವರೆಗೆ ಅದು ಗದ್ದಲವಾಗಿರಲಿಲ್ಲ

ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ, ಮತ್ತು ಪಾರ್ಕಿಗೆ ಬರುವ ಎಲ್ಲರಿಗೂ,

ನಮಸ್ಕಾರ.

ಕಳೆದ ಸೋಮವಾರ ಬೆಳಿಗ್ಗೆ ಹಾಲು ತರಲು ಹೋದಾಗ ಪಾರ್ಕಿನ ಗೇಟಿನಲ್ಲಿ ಹೊಸ ಬೋರ್ಡು ಕಂಡಿತು. 'ಉದ್ಯಾನವನದೊಳಗೆ ತಮಟೆ, ಡೋಲು ಮುಂತಾದವುಗಳನ್ನು ಬಾರಿಸುವುದನ್ನು ನಿಷೇಧಿಸಲಾಗಿದೆ.' ಕೆಂಪು ಅಕ್ಷರ. ಹೂ ಕೀಳಬೇಡಿ, ನಾಯಿ ತರಬೇಡಿ ಅನ್ನುವ ಹಳೇ ಬೋರ್ಡುಗಳ ಪಕ್ಕದಲ್ಲೇ ತಂತಿ ಹಾಕಿ ಕಟ್ಟಿದ್ದೀರಿ.

ಹಾಗೆ ಬಾರಿಸುವವರಲ್ಲಿ ನಾನೂ ಒಬ್ಬಳು. ಎರಡನೇ ಕ್ರಾಸಿನ ಮೂಲೆ ಮನೆ, ಮುಂದೆ ಪಾರಿಜಾತದ ಗಿಡ. ಸಂಘದ ಬ್ಯಾನರು ಕಟ್ಟಲು ಪ್ರತಿ ಸಲ ನನ್ನ ಮನೆಯ ಏಣಿಯನ್ನೇ ಒಯ್ಯುತ್ತೀರಿ. ಈ ಬೋರ್ಡಿಗೂ ಅದನ್ನೇ ಒಯ್ದಿದ್ದಿರಿ ಅಂತ ಆಮೇಲೆ ಗೊತ್ತಾಯಿತು. ಪರವಾಗಿಲ್ಲ. ಏಣಿಗೇನು ಗೊತ್ತು, ಅಲ್ವಾ?

ಬೋರ್ಡು ಓದಿದವರಿಗೆ ಇಲ್ಲೇನೋ ಜಾತ್ರೆ ನಡೆಯುತ್ತಿದೆ ಅನ್ನಿಸಬಹುದು. ಹಾಗೇನಿಲ್ಲ. ಭಾನುವಾರ ಸಂಜೆ ಐದಕ್ಕೆ ಹತ್ತು ಹನ್ನೆರಡು ಜನ ಹೊಂಗೆ ಮರದ ಕೆಳಗೆ ಸುತ್ತ ಕೂರುತ್ತೇವೆ. ಇಬ್ಬರ ಹತ್ತಿರ ಜೆಂಬೆ ಅನ್ನುವ ಆಫ್ರಿಕಾದ ಚರ್ಮವಾದ್ಯ ಇದೆ. ಒಬ್ಬರ ಹತ್ತಿರ ಹಳೇ ಡೋಲಕ್ಕು. ಭಜನಾ ಮಂಡಳಿಯ ಒಬ್ಬರು ದಮ್ಮಡಿ ತರುತ್ತಾರೆ. ಮಿಕ್ಕವರಿಗೆ ನೀರಿನ ಕ್ಯಾನು, ಬಣ್ಣದ ಡಬ್ಬ, ಸ್ಟೀಲ್ ಡಬ್ಬಿಯೊಳಗೆ ಒಂದು ಹಿಡಿ ಕಡಲೆಕಾಳು. ಆರೂಕಾಲಿಗೆ ಏಳುತ್ತೇವೆ. ಗುರುಗಳಿಲ್ಲ, ಫೀಸಿಲ್ಲ, ಮೈಕಿಲ್ಲ. ನೋಡಲು ಅಂತ ಯಾರೂ ಬರುವುದಿಲ್ಲ. ಬಂದವರ ಕೈಗೆ ಏನಾದರೂ ಒಂದನ್ನು ಕೊಟ್ಟುಬಿಡುತ್ತೇವೆ.

ಈ ಹುಚ್ಚು ನನಗೆ ಹತ್ತಿದ್ದು ಮೂರು ವರ್ಷದ ಹಿಂದೆ, ಮಗಳ ಬಾಣಂತನಕ್ಕೆ ಕೆನಡಾದ ಮಾಂಟ್ರಿಯಲ್‌ಗೆ ಹೋಗಿದ್ದಾಗ. ಊರಿನ ನಡುವೆಯೇ ಮೌಂಟ್ ರಾಯಲ್ ಅಂತ ಒಂದು ಗುಡ್ಡವಿದೆ. ನಮ್ಮ ಚಾಮುಂಡಿ ಬೆಟ್ಟದ ಪುಟ್ಟ ತಂಗಿ ಅನ್ನಬಹುದು. ಅದರ ಬುಡದಲ್ಲಿ ದೊಡ್ಡ ಸ್ಮಾರಕ, ತುದಿಯಲ್ಲಿ ರೆಕ್ಕೆಯ ದೇವತೆ, ಕೆಳಗೆ ಸಿಂಹಗಳು. ಬೇಸಿಗೆಯಲ್ಲಿ ಪ್ರತಿ ಭಾನುವಾರ ಆ ಮೆಟ್ಟಿಲುಗಳ ಮೇಲೆ ಜನ ತಮ್ಮ ಪಾಡಿಗೆ ತಾವು ಬಂದು ವಾದ್ಯ ಬಾರಿಸುತ್ತಾರೆ. 1970ರ ದಶಕದ ಕೊನೆಯಿಂದಲೂ ನಡೆದುಕೊಂಡು ಬಂದಿದೆ. 'ಟ್ಯಾಮ್ ಟ್ಯಾಮ್' ಅಂತಲೇ ಅದಕ್ಕೆ ಹೆಸರು. ಆ ಶಬ್ದ ಕೇಳಿ ನನಗೆ ನಗು ಬಂತು. ನಮ್ಮೂರಲ್ಲಿ ಸುದ್ದಿ ಸಾರುವುದಕ್ಕೆ 'ಟಾಂ ಟಾಂ ಹೊಡೆಸು' ಅನ್ನುತ್ತಿದ್ದೆವಲ್ಲ, ಅದೇ. ಇಂಗ್ಲಿಷಿನವರು ಆ ಮಾತನ್ನು ಎತ್ತಿಕೊಂಡು ಹೋದದ್ದೇ ನಮ್ಮ ಕಡೆಯಿಂದ.

ಮೊದಲ ಭಾನುವಾರ ಮಗುವಿನ ಗಾಡಿ ಹಿಡಿದುಕೊಂಡು ದೂರದಲ್ಲಿ ನಿಂತಿದ್ದೆ. ಎರಡನೇ ಭಾನುವಾರ ಮೆಟ್ಟಿಲಿನ ಮೇಲೆ ಕೂತೆ. ಮೂರನೇ ವಾರ ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ತಮ್ಮ ವಾದ್ಯವನ್ನು ನನ್ನ ಮುಂದಕ್ಕೆ ತಳ್ಳಿ, ಎದ್ದು ಕಾಫಿ ಕುಡಿಯಲು ಹೋದರು. ನನಗೆ ಫ್ರೆಂಚ್ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಕೈ ಇಟ್ಟೆ. ಯಾರೂ ತಿರುಗಿ ನೋಡಲಿಲ್ಲ. ಅದೇ ದೊಡ್ಡ ಸಮಾಧಾನ.

ಇದು ನನಗೆ ಯಾಕೆ ಅಷ್ಟು ದೊಡ್ಡದು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಚಿಕ್ಕವಳಿದ್ದಾಗ ನಮ್ಮ ಮನೆಗೆ ಮೇಷ್ಟರೊಬ್ಬರು ಬರುತ್ತಿದ್ದರು. ಅಣ್ಣನಿಗೆ ಮೃದಂಗ, ನನಗೆ ಹಾಡು. ನನಗೂ ಮೃದಂಗ ಬೇಕು ಅಂದೆ. 'ಹೆಣ್ಣುಮಕ್ಕಳು ಮೃದಂಗ ಬಾರಿಸ್ತಾರೇನೆ?' ಅಂತ ಅಜ್ಜಿ ನಕ್ಕರು. ಅಪ್ಪನೂ ನಕ್ಕರು. ಮಾತು ಅಲ್ಲಿಗೇ ಮುಗಿಯಿತು. ಘಟ ಹಿಡಿದು ವೇದಿಕೆ ಏರಿದ ಸುಕನ್ಯಾ ರಾಮಗೋಪಾಲ್ ಅವರ ಸುದ್ದಿ ನಮ್ಮ ಮನೆಗೆ ಮುಟ್ಟುವ ಹೊತ್ತಿಗೆ ನಾನು ಬ್ಯಾಂಕಿನಲ್ಲಿ ಲೆಡ್ಜರು ತಿರುವುತ್ತಿದ್ದೆ. ಅಣ್ಣ ಎರಡೇ ವರ್ಷಕ್ಕೆ ಮೃದಂಗ ಬಿಟ್ಟ. ಅದು ಅಟ್ಟ ಸೇರಿತು. ನಾನು ಮಾತ್ರ ಪಾತ್ರೆ ತೊಳೆಯುವಾಗ, ಬಸ್ಸಿನ ಕಂಬಿ ಹಿಡಿದಾಗ, ಮೀಟಿಂಗಿನಲ್ಲಿ ಮೇಜಿನ ಕೆಳಗೆ, ತಕಧಿಮಿ ತಕಿಟ ಅಂತ ಬೆರಳು ಆಡಿಸುತ್ತಲೇ ಇದ್ದೆ. ಐವತ್ತು ವರ್ಷ.

ಹಾಗಾಗಿ ಊರಿಗೆ ಬಂದ ಮೇಲೆ ಒಂದು ಜೆಂಬೆ ಕೊಂಡೆ. ಪಶ್ಚಿಮ ಆಫ್ರಿಕಾದ ಮಾಲಿ, ಗಿನಿ ಕಡೆಯ ವಾದ್ಯ ಅದು. ಒರಳಿನ ಆಕಾರ, ಮೇಲೆ ಮೇಕೆ ಚರ್ಮ, ಸುತ್ತ ಬಿಗಿದ ಹಗ್ಗ. ನಮ್ಮ ಡೊಳ್ಳಿಗೂ ಹಗ್ಗವೇ ತಾನೇ? ಕಟ್ಟುವ ಬಗೆ ಬೇರೆ, ಅಷ್ಟೇ. ಅದರಲ್ಲಿ ಮುಖ್ಯವಾಗಿ ಮೂರು ಸದ್ದು. ನಡುವೆ ಅಂಗೈ ಇಳಿಸಿದರೆ ಗುಂ. ಅಂಚಿಗೆ ಬೆರಳು ಸೇರಿಸಿ ಹೊಡೆದರೆ ಟೋಂ. ಅದೇ ಅಂಚಿನಲ್ಲಿ ಬೆರಳು ಸಡಿಲ ಬಿಟ್ಟು ಬೀಸಿದರೆ ಟಕ್. ಮೊದಲೆರಡನ್ನು ಒಂದೇ ಸಂಜೆಯಲ್ಲಿ ಯಾರು ಬೇಕಾದರೂ ಕಲಿಯಬಹುದು. ಮೂರನೆಯದು ನನಗೆ ಇನ್ನೂ ಸರಿಯಾಗಿ ಕೂತಿಲ್ಲ. ಉಂಗುರ, ಬಳೆ ತೆಗೆದಿಡಬೇಕು. ನಾನು ಮೊದಲ ದಿನ ತೆಗೆಯದೆ ಬಾರಿಸಿ, ರಾತ್ರಿ ಬೆರಳು ಊದಿಕೊಂಡು ಸೋಪು ಹಚ್ಚಿ ಎಳೆದದ್ದಾಯಿತು.

ಸುತ್ತ ಕೂತಾಗ ಏನಾಗುತ್ತದೆ ಅಂತ ಹೇಳುತ್ತೇನೆ. ಸಂಘದಲ್ಲಿ ಒಬ್ಬರೂ ಬಂದು ಕೂತಿಲ್ಲ, ಅದಕ್ಕೆ. ಯಾರೋ ಒಬ್ಬರು ಗುಂ, ಗುಂ ಅಂತ ನಿಧಾನಕ್ಕೆ ಶುರು ಮಾಡುತ್ತಾರೆ. ನಡಿಗೆಯಷ್ಟೇ ವೇಗ. ಪಕ್ಕದವರು ಅದರ ಸಂದಿಯಲ್ಲಿ ಒಂದು ಏಟು ಸೇರಿಸುತ್ತಾರೆ. ಎದುರಿಗಿರುವವರು ಇನ್ನೊಂದು. ಐದು ನಿಮಿಷ ಬರೀ ಗಲಾಟೆ. ಅಲ್ಲಿ ನೀವು ಹೇಳುವುದು ಸರಿಯೇ. ಆಮೇಲೆ ಯಾವಾಗಲೋ, ಯಾರೂ ಹೇಳದೆ, ಎಲ್ಲ ಒಂದು ಹಳಿಗೆ ಬೀಳುತ್ತದೆ. ನಿಮ್ಮ ಏಟು ಯಾವುದು, ಪಕ್ಕದವರದ್ದು ಯಾವುದು ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ನಾಳೆ ಕಟ್ಟಬೇಕಾದ ಕರೆಂಟ್ ಬಿಲ್ಲು, ಮಂಡಿ ನೋವು, ಮಗ ಫೋನು ಮಾಡಲಿಲ್ಲ ಅನ್ನುವ ಕೊರಗು, ಇದ್ಯಾವುದಕ್ಕೂ ತಲೆಯಲ್ಲಿ ಜಾಗ ಇರುವುದಿಲ್ಲ. ಎಣಿಸಲು ಹೋದರೆ ತಪ್ಪುತ್ತದೆ. ತಪ್ಪಿದರೆ ಎರಡು ಸುತ್ತು ಸುಮ್ನೆ ಕೂತು ಮತ್ತೆ ಸೇರಿಕೊಂಡರಾಯಿತು. ನಮ್ಮಲ್ಲಿ ನಿಯಮ ಅಂತ ಇರುವುದು ಒಂದೇ: ಪಕ್ಕದವರದ್ದು ಕೇಳಿಸದಷ್ಟು ಜೋರಾಗಿ ಬಾರಿಸಬಾರದು.

ನಮ್ಮಲ್ಲಿ ಒಬ್ಬರು ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್ ಇದ್ದಾರೆ. ಹೆಂಡತಿ ಹೋದ ಮೇಲೆ ಮನೆಯಲ್ಲಿ ಮಾತೇ ನಿಂತುಹೋಗಿತ್ತಂತೆ. ಇಲ್ಲೂ ಮಾತಾಡುವುದು ಅಷ್ಟಕ್ಕಷ್ಟೆ. ಆದರೆ ನೀರಿನ ಕ್ಯಾನಿನ ಮೇಲೆ ಅವರು ಹಿಡಿಯುವ ಕಾಲ ಗಡಿಯಾರದಂತೆ. ಅವರು ಬಾರದ ದಿನ ನಮ್ಮ ಗುಂಪು ಕುಂಟುತ್ತದೆ. ಇದು ಅವರಿಗೂ ಗೊತ್ತು. ಅದಕ್ಕೇ ಅವರು ತಪ್ಪಿಸುವುದಿಲ್ಲ ಅಂತ ನನ್ನ ಲೆಕ್ಕ.

ಇದೆಲ್ಲ ಆರೋಗ್ಯಕ್ಕೆ ಒಳ್ಳೆಯದು ಅಂತ ವಾದ ಮಾಡಬಹುದಿತ್ತು. 1991ರಲ್ಲಿ ಮಿಕ್ಕಿ ಹಾರ್ಟ್ ಅನ್ನುವ ಡ್ರಮ್ ವಾದಕ ಅಮೆರಿಕದ ಸೆನೆಟ್ಟಿನ ವೃದ್ಧರ ಸಮಿತಿಯ ಮುಂದೆ ಕೂತು, ವಯಸ್ಸಾದವರಿಗೆ ಗುಂಪಿನಲ್ಲಿ ವಾದ್ಯ ಬಾರಿಸುವುದು ಎಷ್ಟು ಒಳ್ಳೆಯದು ಅಂತ ಹೇಳಿ ಬಂದಿದ್ದಾನೆ. ಆದರೆ ಆ ವಾದ ನನಗೆ ಬೇಡ. ನನ್ನ ಬಿಪಿ ಇಳಿದಿಲ್ಲ. ಖುಷಿಯಾಗುತ್ತದೆ, ಅದಕ್ಕೆ ಬಾರಿಸುತ್ತೇನೆ.

ಈಗ ಸದ್ದಿನ ವಿಷಯಕ್ಕೆ ಬರೋಣ. ಸದ್ದು ಆಗುತ್ತದೆ. ಚರ್ಮವಾದ್ಯದ ಕೆಳ ಸ್ವರ ಗೋಡೆ ದಾಟಿ ಒಳಗೆ ಬರುತ್ತದೆ, ಕಿಟಕಿ ಮುಚ್ಚಿದರೂ ನಿಲ್ಲುವುದಿಲ್ಲ. ಪಾರ್ಕಿಗೆ ಅಂಟಿಕೊಂಡ ಮನೆಯವರಿಗೆ ಕಿರಿಕಿರಿ ಆಗಿದ್ದರೆ ಅದು ಅವರ ಕಲ್ಪನೆ ಅಲ್ಲ. ನಾನು ಶಬ್ದ ಮಾಲಿನ್ಯ ನಿಯಮಗಳನ್ನೂ ಓದಿಕೊಂಡಿದ್ದೇನೆ. 2000ನೇ ಇಸವಿಯವು. ಬ್ಯಾಂಕಿನ ಅಭ್ಯಾಸ, ಸರ್ಕ್ಯುಲರ್ ಓದದೆ ಮಾತಾಡುವುದಿಲ್ಲ. ವಾಸದ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ಹಗಲು ಅಂದರೆ ಬೆಳಿಗ್ಗೆ ಆರರಿಂದ ರಾತ್ರಿ ಹತ್ತು. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ಕನಿಷ್ಠ ನೂರು ಮೀಟರನ್ನು ನಿಶ್ಶಬ್ದ ವಲಯ ಅಂತ ಸರ್ಕಾರ ಘೋಷಿಸಬಹುದು. ಅಂಥ ಕಡೆ ಡ್ರಮ್ಮು, ಟಾಂ ಟಾಂ ಬಾರಿಸುವುದು ಅಪರಾಧ ಅಂತ ಹೆಸರು ಹಿಡಿದೇ ಬರೆದಿದೆ. ನಮ್ಮ ಪಾರ್ಕಿನ ಹತ್ತಿರ ಇವು ಯಾವುವೂ ಇಲ್ಲ.

ಹಾಗಂತ 55 ಡೆಸಿಬಲ್ ಒಳಗೇ ಇದ್ದೇವೆ ಅಂತ ನಾನು ಹೇಳುವುದಿಲ್ಲ. ಇಬ್ಬರು ಎದುರುಬದುರು ಕೂತು ಮಾತಾಡಿದರೂ ಹೆಚ್ಚುಕಡಿಮೆ ಅಲ್ಲಿಗೆ ಮುಟ್ಟುತ್ತದೆ. ಬೆಳಿಗ್ಗೆ ಆರೂವರೆಗೆ ನಮ್ಮ ನಗೆಕೂಟದವರು ಕೈ ಮೇಲೆತ್ತಿ ಹೋ ಹೋ ಹಾ ಹಾ ಅನ್ನುವಾಗ ಖಂಡಿತ ದಾಟುತ್ತದೆ. ಗಣೇಶನ ಹಬ್ಬದಲ್ಲಿ ಸಂಘದ ಪೆಂಡಾಲಿನ ಸ್ಪೀಕರು ಎಷ್ಟು ದಾಟುತ್ತದೆ ಅಂತ ನಾನು ಹೇಳುವುದು ಬೇಡ, ನನ್ನ ಮನೆಯ ಗಾಜು ಹೇಳುತ್ತದೆ. ಅವೆಲ್ಲ ನಿಲ್ಲಲಿ ಅಂತಲ್ಲ. ನಗೆಕೂಟಕ್ಕೆ ನಾನೂ ಎರಡು ತಿಂಗಳು ಹೋಗಿದ್ದೆ. ಅವಕ್ಕೆ ಯಾಕೆ ಬೋರ್ಡಿಲ್ಲ ಅಂತ ಮಾತ್ರ ಕೇಳುತ್ತಿದ್ದೇನೆ.

ನಾವು ಶುರು ಮಾಡಿದ್ದು ಸಂಕ್ರಾಂತಿ ಕಳೆದ ವಾರ. ಜನವರಿಯಿಂದ ಮೇ ಕೊನೆಯವರೆಗೆ ಪ್ರತಿ ಭಾನುವಾರ ಬಾರಿಸಿದ್ದೇವೆ. ಒಂದು ದೂರೂ ಬರಲಿಲ್ಲ. ಏಪ್ರಿಲ್‌ನಲ್ಲಿ ಸಂಘದವರೇ ಒಬ್ಬರು ನಮ್ಮ ವಿಡಿಯೋ ತೆಗೆದು 'ನಮ್ಮ ಬಡಾವಣೆಯ ಹೆಮ್ಮೆ' ಅಂತ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಕೈ ಮುಗಿಯುವ ಚಿತ್ರ, ಚಪ್ಪಾಳೆಯ ಚಿತ್ರ, ಏನೇನೋ ಬಂದವು. ಅಧ್ಯಕ್ಷರೇ, ನಿಮ್ಮ ಮೊಮ್ಮಗ ಬೇಸಿಗೆ ರಜದಲ್ಲಿ ನನ್ನ ಜೆಂಬೆಯನ್ನು ಬಿಟ್ಟು ಏಳುತ್ತಲೇ ಇರಲಿಲ್ಲ.

ಜೂನ್ ಮೊದಲ ಭಾನುವಾರ ತಮಟೆ ಬಂತು. ಮೂರನೇ ವಾರಕ್ಕೆ ಬೋರ್ಡೂ ಬಂತು.

ತಮಟೆ ತಂದ ಹುಡುಗ ಯಾರು ಅಂತ ನಿಮಗೆಲ್ಲ ಗೊತ್ತು. ನಿಮ್ಮ ಫೋನಿನ ಗಾಜು ಒಡೆದಾಗ ಹೋಗುವುದು ಅವನು ಕೆಲಸ ಮಾಡುವ ಅಂಗಡಿಗೇ. ಫೆಬ್ರವರಿಯಿಂದ ನಮ್ಮ ಜೊತೆ ಇದ್ದಾನೆ. ಮೊದಲ ದಿನ ಪ್ಲಾಸ್ಟಿಕ್ ಬಕೆಟ್ಟನ್ನು ಬೋರಲು ಹಾಕಿಕೊಂಡು ಎರಡು ಕಡ್ಡಿಯಲ್ಲಿ ಬಾರಿಸಿದ. ನಾವೆಲ್ಲ ನಮ್ಮದನ್ನು ನಿಲ್ಲಿಸಿ ಅವನದ್ದನ್ನು ಕೇಳಿದೆವು. ಎಲ್ಲಿ ಕಲಿತೆಯಪ್ಪಾ ಅಂದರೆ ಹೇಳಲಿಲ್ಲ. ನಾಲ್ಕು ತಿಂಗಳಾದ ಮೇಲೆ ಹೇಳಿದ, ಮನೆಯಲ್ಲಿ ತಮಟೆ ಇದೆ ಅಂತ. ಅಪ್ಪ, ಚಿಕ್ಕಪ್ಪ ಎಲ್ಲ ಮೇಳದಲ್ಲಿ ಇದ್ದವರು. ತಾ ಅಂತ ನಾವೇ ಹೇಳಿದೆವು. ಅದಕ್ಕೇ ಈ ಕಾಗದ ನಾನು ಬರೆಯಬೇಕಾಗಿರುವುದು.

ತಂದ. ಎಡಗೈ, ಎದೆಯ ನಡುವೆ ಒರಗಿಸಿಕೊಂಡು, ಒಂದು ಕೈಯಲ್ಲಿ ಗಿಡ್ಡ ಕಡ್ಡಿ, ಇನ್ನೊಂದರಲ್ಲಿ ಉದ್ದದ ತೆಳು ಕಡ್ಡಿ. ಮೊದಲ ನಾಲ್ಕು ಏಟು ಬಿದ್ದವು. ಕಲ್ಲುಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ತಲೆ ಎತ್ತಿ, 'ಯಾರು ಹೋದ್ರಮ್ಮಾ?' ಅಂತ ನನ್ನನ್ನು ಕೇಳಿದರು.

ಅವರು ಕೊಂಕು ಮಾತಾಡಲಿಲ್ಲ. ನಿಜವಾಗಿಯೂ ಗಾಬರಿಯಾಗಿ ಕೇಳಿದರು. ಸುಳ್ಳು ಯಾಕೆ ಹೇಳಲಿ, ನನಗೂ ಒಂದು ಕ್ಷಣ ಹೊಟ್ಟೆಯಲ್ಲಿ ಏನೋ ಆಯಿತು. ನಾನು ಹುಟ್ಟಿದ ಊರಿನಲ್ಲಿ ಆ ಸದ್ದು ಕೇಳಿದರೆ ಅಮ್ಮ ಒಲೆ ಮುಂದಿನಿಂದ ಎದ್ದು ಬಾಗಿಲಿಗೆ ಬಂದು 'ಯಾರಂತೆ?' ಅನ್ನುತ್ತಿದ್ದಳು. ಅರವತ್ತು ವರ್ಷದಿಂದ ಕಿವಿಯಲ್ಲಿ ಕೂತದ್ದು ಹಾಗೆಲ್ಲ ಎದ್ದು ಹೋಗುವುದಿಲ್ಲ. ಆದರೆ ಆ ಹುಡುಗ ಕಡ್ಡಿ ಕೆಳಗಿಟ್ಟ. 'ಬಿಡಿ ಆಂಟಿ, ಬಕೆಟ್ಟೇ ಬಾರಿಸ್ತೀನಿ' ಅಂದ. ಅವತ್ತು ಉಳಿದ ಹೊತ್ತೆಲ್ಲ ಬಕೆಟ್ಟನ್ನೇ ಬಾರಿಸಿದ. ಅವನ ತಾತ ಊರಿನಲ್ಲಿ ಯಾರು ಸತ್ತರೂ ಹೋಗಿ ಬಾರಿಸಬೇಕಿತ್ತಂತೆ. ಸುಗ್ಗಿಯಲ್ಲಿ ಒಂದಿಷ್ಟು ರಾಗಿ ಕೊಡುತ್ತಿದ್ದರಂತೆ. ಬರುವುದಿಲ್ಲ ಅನ್ನುವ ಹಾಗಿರಲಿಲ್ಲ.

ಇದು ಒಂದು ಊರಿನ, ಒಂದು ಜನದ ಕಥೆ ಅಲ್ಲ. ಕರಾವಳಿಯಲ್ಲಿ ಕೊರಗ ಬುಡಕಟ್ಟಿನವರನ್ನು ಅಜಲು ಅನ್ನುವ ಬಿಟ್ಟಿ ಚಾಕರಿ ಪದ್ಧತಿಯ ಹೆಸರಿನಲ್ಲಿ ಡೋಲು ಬಾರಿಸಲು ಕರೆಯುತ್ತಿದ್ದರು. ಕಂಬಳದ ಹಿಂದಿನ ರಾತ್ರಿಯೂ ಬಾರಿಸಬೇಕಿತ್ತು. ಅದನ್ನು ನಿಲ್ಲಿಸಲು 2000ದಲ್ಲಿ ನಮ್ಮ ರಾಜ್ಯ ಕಾಯಿದೆಯನ್ನೇ ತರಬೇಕಾಯಿತು. ಶಬ್ದದ ನಿಯಮ ಬಂದದ್ದೂ ಅದೇ ವರ್ಷ, ನೋಡಿ. ಅತ್ತ ಅಮೆರಿಕದಲ್ಲಿ ಇದರ ಉಲ್ಟಾ. 1739ರಲ್ಲಿ ಸೌತ್ ಕೆರೊಲಿನಾದ ಸ್ಟೋನೊ ಎಂಬಲ್ಲಿ ಆಫ್ರಿಕಾದ ಗುಲಾಮರು ಡೋಲು ಬಾರಿಸಿಕೊಂಡು ದಂಗೆ ಎದ್ದರು. ಮುಂದಿನ ವರ್ಷವೇ ಅವರು ಡೋಲು ಇಟ್ಟುಕೊಳ್ಳುವುದನ್ನೂ ಬಾರಿಸುವುದನ್ನೂ ಕಾನೂನು ತಡೆಯಿತು. ಅಲ್ಲಿ ಬಾರಿಸಬೇಡ ಅಂದರು, ಇಲ್ಲಿ ಬಾರಿಸಲೇಬೇಕು ಅಂದರು. ಯಾವಾಗ ಬಾರಿಸಬೇಕು ಅಂತ ಹೇಳಿದವರು ಮಾತ್ರ ಎರಡೂ ಕಡೆ ಬಾರಿಸುವವರಲ್ಲ.

ನನಗೆ ಬಾರಿಸಬೇಡ ಅಂದರು, ಅವನ ತಾತನಿಗೆ ಬಾರಿಸು ಅಂದರು. ಇವೆರಡೂ ಒಂದೇ ತೂಕದ ನೋವು ಅಂತ ನಾನು ಹೇಳುತ್ತಿಲ್ಲ. ನನಗೆ ತಪ್ಪಿದ್ದು ಒಂದು ಆಸೆ, ಅಷ್ಟೇ. ಆದರೆ ಹೊಂಗೆ ಮರದ ಕೆಳಗೆ ಮೊದಲ ಸಲ ನಾವಿಬ್ಬರೂ ಸುಮ್ನೆ, ಯಾರೂ ಹೇಳದೆ, ಯಾರಿಗೂ ಅಲ್ಲದೆ ಬಾರಿಸುತ್ತಿದ್ದೆವು. ನಿಮ್ಮ ಬೋರ್ಡು ಕೈ ಹಾಕಿರುವುದು ಅಲ್ಲಿಗೆ. ಅದರಲ್ಲಿ ಜೆಂಬೆ ಅಂತ ಬರೆದಿಲ್ಲ, ಡೋಲಕ್ಕು ಅಂತ ಬರೆದಿಲ್ಲ. ಮೊದಲ ಪದವೇ ತಮಟೆ.

ಇದೇ ತಮಟೆಯನ್ನು ನಾವು ದಸರಾದಲ್ಲಿ ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ಬೆಳಿಗ್ಗೆಯಿಂದ ಜಾಗ ಹಿಡಿದು ಕೂತು ನೋಡುತ್ತೇವೆ. ಜಂಬೂಸವಾರಿಯಲ್ಲಿ ಡೊಳ್ಳು, ನಗಾರಿ, ತಮಟೆ ಬಂದರೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತೇವೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಗುಂಪಿನಲ್ಲೂ ಅಭಿನಂದನೆಯ ಮಳೆ ಸುರಿದಿತ್ತು. ನಾನು ಹಿಂದಕ್ಕೆ ಹೋಗಿ ನೋಡಿದೆ. ಬೋರ್ಡಿನ ಕೆಳಗೆ ಹೆಸರಿರುವ ಇಬ್ಬರು ಅವತ್ತು ಚಪ್ಪಾಳೆ ಹಾಕಿದ್ದಾರೆ. ಮೆರವಣಿಗೆಯಲ್ಲಿ ಆಗುತ್ತದೆ, ದೆಹಲಿಯಲ್ಲಿ ಆಗುತ್ತದೆ. ನಮ್ಮ ಬೆಂಚಿನ ಪಕ್ಕ ಆಗುವುದಿಲ್ಲ ಅಂದರೆ ಹೇಗೆ?

ನಮ್ಮ ಕಡೆಯಿಂದಲೂ ತಪ್ಪಾಗಿದೆ. ಎರಡನೇ ವಾರ ಮಳೆ ಹನಿದಿತ್ತು. ತಂಡಿಗೆ ಚರ್ಮ ಸಡಿಲವಾಗಿ ತಮಟೆ ಡಬ್ ಡಬ್ ಅನ್ನುತ್ತಿತ್ತು. ಅದನ್ನು ಕಾಯಿಸಬೇಕು. ಹಳೇ ಪೇಪರು, ಒಣ ಎಲೆ ಸೇರಿಸಿ ಮರದ ಹತ್ತಿರವೇ ಬೆಂಕಿ ಹಾಕಿದೆವು. ಹೊಗೆ ನೇರ ಪಾರ್ಕಿನ ಪಕ್ಕದ ಮನೆಗೆ ಹೋಯಿತು. ಅಲ್ಲಿನ ಅಜ್ಜಿಗೆ ಉಬ್ಬಸ. ನಾನು ಅವತ್ತೇ ರಾತ್ರಿ ಹೋಗಿ ಕ್ಷಮೆ ಕೇಳಿ ಬಂದೆ. ಇನ್ನು ಪಾರ್ಕಿನಲ್ಲಿ ಬೆಂಕಿ ಇಲ್ಲ. ಮನೆಯಲ್ಲೇ ಕಾಯಿಸಿ, ಬಟ್ಟೆ ಸುತ್ತಿ ತರುತ್ತೇನೆ ಅಂದಿದ್ದಾನೆ. ಅಂದಹಾಗೆ, ಆ ಅಜ್ಜಿ ಹೊಗೆಗೆ ಬೈದರು, ತಮಟೆಗೆ ಬೈಯಲಿಲ್ಲ.

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಮಾರ್ಕಸ್ ಗಾರ್ವಿ ಪಾರ್ಕ್ ಅಂತ ಇದೆ. ಅಲ್ಲಿ 1969ರಿಂದಲೂ ಜನ ಸೇರಿ ಬಾರಿಸುತ್ತಿದ್ದರು, ಹೆಚ್ಚಿನವರು ಕಪ್ಪು ಜನ. ಎಷ್ಟೋ ವರ್ಷದ ಮೇಲೆ ಪಕ್ಕದಲ್ಲಿ ದುಬಾರಿ ಅಪಾರ್ಟ್‌ಮೆಂಟು ಎದ್ದಿತು. ಹೊಸದಾಗಿ ಬಂದವರು ಸದ್ದು ಜಾಸ್ತಿ ಅಂದರು. 2007, 2008ರ ಹೊತ್ತಿಗೆ ಜಗಳ ಪತ್ರಿಕೆಗಳವರೆಗೆ ಹೋಯಿತು. ಬಾರಿಸುವವರನ್ನು ಹೊರಗೆ ಹಾಕಲಿಲ್ಲ, ಪಾರ್ಕಿನೊಳಗೇ ಬೇರೆ ಜಾಗಕ್ಕೆ ಸರಿಸಿದರು. ಎಲ್ಲರಿಗೂ ಖುಷಿಯಾಗಲಿಲ್ಲ. ಆದರೆ ಜಾಗ ಉಳಿಯಿತು.

ನಾನು ಕೇಳುತ್ತಿರುವುದೂ ಅಷ್ಟೇ. ಹೊಂಗೆ ಮರ ಮನೆಗಳಿಗೆ ಹತ್ತಿರವಾಯಿತು ಅಂದರೆ ನೀರಿನ ಟ್ಯಾಂಕಿನ ಹಿಂದೆ ಹೋಗುತ್ತೇವೆ. ಅಲ್ಲಿ ಎರಡು ಕಡೆ ರಸ್ತೆ, ಒಂದು ಕಡೆ ಖಾಲಿ ಸೈಟು. ಸೊಳ್ಳೆ ಜಾಸ್ತಿ, ಅದು ನಮ್ಮ ಕಷ್ಟ. ಪರೀಕ್ಷೆಯ ದಿನಗಳಲ್ಲಿ ನಿಲ್ಲಿಸುತ್ತೇವೆ. ಯಾರ ಮನೆಯಲ್ಲಾದರೂ ಕಾಯಿಲೆ ಇದ್ದರೆ ಒಂದು ಮಾತು ಹೇಳಿ, ಆ ವಾರ ಇಲ್ಲ. ಒಂದೂಕಾಲು ಗಂಟೆಯನ್ನು ಒಂದು ಗಂಟೆ ಮಾಡಿ ಅಂದರೂ ಸರಿ. ಆದರೆ ಜೆಂಬೆ ಇರಲಿ, ತಮಟೆ ಬೇಡ ಅನ್ನುವ ರಾಜಿಗೆ ನಾನು ಬರುವುದಿಲ್ಲ. ಅಂಥ ಮಾತು ಈಗಾಗಲೇ ಒಬ್ಬರ ಬಾಯಲ್ಲಿ ಬಂದಿದೆ, ಅದಕ್ಕೆ ಮೊದಲೇ ಹೇಳಿದೆ.

ಬೋರ್ಡು ಬಿಚ್ಚಲು ಏಣಿ ಬೇಕಾದರೆ ಮನೆಯಲ್ಲೇ ಇದೆ. ಬಂದು ಒಯ್ಯಿರಿ.

ಈ ಭಾನುವಾರ ಐದಕ್ಕೆ ನಾವು ಟ್ಯಾಂಕಿನ ಹಿಂದೆ ಇರುತ್ತೇವೆ. 'ಯಾರು ಹೋದ್ರಮ್ಮಾ' ಅಂತ ಕೇಳಿದ ಹಿರಿಯರೂ ಬರುತ್ತೇನೆ ಅಂದಿದ್ದಾರೆ. ಅವರಿಗೆ ಕಡಲೆಕಾಳಿನ ಡಬ್ಬಿ ಎತ್ತಿಟ್ಟಿದ್ದೇನೆ. ನಿನ್ನೆ ಆ ಹುಡುಗ ಅಂಗಡಿಯಿಂದ ಫೋನು ಮಾಡಿ, 'ಬಕೆಟ್ ತರ್ಲಾ ಆಂಟಿ, ತಮಟೆ ತರ್ಲಾ?' ಅಂತ ಕೇಳಿದ. ಎರಡೂ ತಾ ಅಂದೆ. ಬಕೆಟ್ಟು ಅಧ್ಯಕ್ಷರಿಗೆ.

ಇಂತಿ,
ಎರಡನೇ ಕ್ರಾಸಿನ ಮೂಲೆ ಮನೆಯವಳು
ಮೈಸೂರು